ಹಿಂದೂ ಮಹಾಸಾಗರದ ‘ಗುರುತ್ವ ತಗ್ಗು’: ಭೂಕಂಪನ ಅಲೆಗಳು ತಿಳಿಸುವುದೇನು, ತಿಳಿಸದಿರುವುದೇನು

ವಿಷಯದ ಹಿನ್ನೆಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರಾದ ದೇಬಾಂಜನ್ ಪಾಲ್ ಹಾಗೂ ಅತ್ರೇಯಿ ಘೋಷ್ ಅವರು 2023ರ ಮೇ ತಿಂಗಳಿನಲ್ಲಿ ‘ಜಿಯೋಫಿಸಿಕಲ್ ರಿಸರ್ಚ್ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿರುತ್ತಾರೆ. ಶ್ರೀಲಂಕಾದ ದಕ್ಷಿಣಕ್ಕಿರುವ ಸಾಗರ ಪ್ರದೇಶದಲ್ಲಿ ಭೂಮಿಯ ಗುರುತ್ವ ಬಲವು ಕಡಿಮೆಯಾಗಿರುವುದಕ್ಕೆ ಕಾರಣವೇನೆಂಬುದು ಸದರಿ ಪ್ರಬಂಧದ ವಿಷಯ. ಪ್ರಬಂಧ ಪ್ರಕಟವಾದ ಬಳಿಕ ದೇಶ ವಿದೇಶಗಳ ಪತ್ರಿಕೆಗಳು ಹಾಗೂ ದೂರದರ್ಶನ ವಾಹಿನಿಗಳು ಅದನ್ನು ‘ಗುರುತ್ವ ರಂಧ್ರ’ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದವು. ಆ ಹೆಸರು ಇಂದಿಗೂ ಆಗಾಗ್ಗೆ ಸುದ್ದಿಯಲ್ಲಿ ಮರಳಿ ಕಾಣಿಸಿಕೊಳ್ಳುತ್ತಿದೆ.

ಇದರಿಂದ ನಮ್ಮ ಕರಾವಳಿಗೆ ಅಪಾಯವಿದೆಯೇ, ನಿವೇಶನ ಅಥವಾ ಕಟ್ಟಡ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರು ಇದನ್ನು ಪರಿಗಣಿಸಬೇಕೇ ಎಂಬ ಪ್ರಶ್ನೆಗಳು ಸಾರ್ವಜನಿಕರಲ್ಲಿ ಮೂಡುವುದು ಸಹಜ. ಇವುಗಳಿಗೆ ಒಂದೇ ಮಾತಿನಲ್ಲಿ ‘ಇಲ್ಲ’ ಎಂದು ಉತ್ತರಿಸಬಹುದಾಗಿದೆ. ಆದರೆ ಆಧಾರವನ್ನು ತಿಳಿಸದೆ ನೀಡುವ ಉತ್ತರವು ವದಂತಿಯನ್ನು ತಡೆಯಲಾರದು. ಆದುದರಿಂದ, 2,890 ಕಿಲೋಮೀಟರ್ ಆಳದವರೆಗಿನ ಸಂಗತಿಗಳನ್ನು ವಿಜ್ಞಾನಿಗಳು ಹೇಗೆ ತಿಳಿಯುತ್ತಾರೆ ಹಾಗೂ ಆ ತಿಳಿವಳಿಕೆಯ ಮಿತಿಯೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

‘ರಂಧ್ರ’ ಎಂಬ ಪದದ ಕುರಿತು

ಸಾಗರದಲ್ಲಿ ಯಾವುದೇ ತೂತು ಅಥವಾ ಕಂದಕ ಉಂಟಾಗಿರುವುದಿಲ್ಲ. ಗಾಳಿ, ಉಬ್ಬರವಿಳಿತ ಮತ್ತು ಪ್ರವಾಹಗಳಿಲ್ಲದಿದ್ದರೆ ಸಮುದ್ರದ ನೀರು ಗುರುತ್ವ ಬಲಕ್ಕೆ ಅನುಗುಣವಾಗಿ ಒಂದು ಮಟ್ಟದಲ್ಲಿ ನೆಲೆಸುತ್ತದೆ. ಈ ಮಟ್ಟಕ್ಕೆ ಜಿಯಾಯ್ಡ್ ಎಂದು ಹೆಸರು. ಭೂಮಿಯ ಒಳಗಿನ ದ್ರವ್ಯರಾಶಿಯು ಎಲ್ಲೆಡೆ ಸಮನಾಗಿ ಹಂಚಿಕೆಯಾಗಿರದ ಕಾರಣ, ಜಿಯಾಯ್ಡ್ ಕೂಡ ಗಣಿತದ ನಯವಾದ ದೀರ್ಘವೃತ್ತಗೋಳಕ್ಕಿಂತ ಕೆಲವೆಡೆ ಉಬ್ಬಿ, ಕೆಲವೆಡೆ ತಗ್ಗಿರುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಈ ತಗ್ಗು ಸುಮಾರು 106 ಮೀಟರ್‌ಗಳಷ್ಟಿದ್ದು, ಜಗತ್ತಿನ ಎಲ್ಲ ಜಿಯಾಯ್ಡ್ ತಗ್ಗುಗಳಲ್ಲಿ ಇದೇ ಅತ್ಯಂತ ಆಳವಾದುದು. ಸಾಗರದಲ್ಲಿ ಗುರುತ್ವವನ್ನು ಅಳೆದ ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ ಅವರು 1948ರಲ್ಲಿಯೇ ಇದನ್ನು ಗುರುತಿಸಿದ್ದರು. ಅಂದರೆ 2023ರಲ್ಲಿ ಹೊಸದಾಗಿ ಪ್ರಕಟವಾದುದು ತಗ್ಗಿಗೆ ಕೊಡಲಾದ ಒಂದು ಕಾರಣವೇ ಹೊರತು ತಗ್ಗು ಅಲ್ಲ.

ಆ ಪ್ರದೇಶದಲ್ಲಿ ಹಡಗಿನಲ್ಲಿ ಸಾಗುವವರಿಗೆ ಇಳಿಜಾರು ಗೋಚರಿಸುವುದಿಲ್ಲ. ಗಾರೆ ಕೆಲಸದವರ ತೂಗುಗುಂಡು ಮತ್ತು ರಸಮಟ್ಟಗಳನ್ನು ಅಲ್ಲಿಗೆ ಒಯ್ದರೂ ನೀರು ಸಮವಾಗಿದೆಯೆಂದೇ ತೋರಿಸುತ್ತವೆ, ಏಕೆಂದರೆ ಅವುಗಳೂ ಅದೇ ಗುರುತ್ವವನ್ನು ಅನುಸರಿಸುತ್ತವೆ. ‘ರಂಧ್ರ’ ಎಂಬುದು ಶೀರ್ಷಿಕೆಗೆ ಒದಗಿದ ಪದ. ಅದನ್ನು ಬಳಸದಿದ್ದರೆ ಅರ್ಧದಷ್ಟು ಆತಂಕ ಹುಟ್ಟುತ್ತಲೇ ಇರಲಿಲ್ಲ.

ಕಾಣದ ಆಳವನ್ನು ಅಲೆಗಳಿಂದ ಅರಿಯುವ ಬಗೆ

ಶಾಲಾ ಪಠ್ಯಗಳಲ್ಲಿ ತಿಳಿಸಿರುವಂತೆ ಭೂಮಿಯು ಭೂಕವಚ, ಮ್ಯಾಂಟಲ್ ಮತ್ತು ಕೇಂದ್ರಗೋಳ ಎಂಬ ಪದರಗಳಿಂದ ಕೂಡಿದೆ. ಮಾನವನು ಕೊರೆದ ಅತ್ಯಂತ ಆಳವಾದ ಕೊಳವೆ ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿದ್ದು, ಅದು 1989ರಲ್ಲಿ 12,262 ಮೀಟರ್ ತಲುಪಿತು. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಆದುದರಿಂದ ಆಳದ ವಿಷಯದಲ್ಲಿ ನೇರ ತಪಾಸಣೆ ಎಂಬುದು ಸಾಧ್ಯವಿಲ್ಲ. ಭೂಕಂಪನ ಅಲೆಗಳೇ ಮುಖ್ಯ ಸಾಕ್ಷಿ.

ಈ ಸಾಕ್ಷ್ಯದ ಚರಿತ್ರೆಯಲ್ಲಿ ಭಾರತದ ಒಂದು ಸರ್ಕಾರಿ ವರದಿಗೆ ವಿಶೇಷ ಸ್ಥಾನವಿದೆ. 1897ರ ಜೂನ್ 12ರಂದು ಅಸ್ಸಾಂ ಪ್ರಾಂತದಲ್ಲಿ ಸಂಭವಿಸಿದ ಮಹಾ ಭೂಕಂಪದ ಕುರಿತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಅಧಿಕಾರಿ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅವರು 1899ರಲ್ಲಿ ಸವಿಸ್ತಾರ ವರದಿ ಸಲ್ಲಿಸಿದರು. ದೂರದ ಯುರೋಪಿನ ಉಪಕರಣಗಳಲ್ಲಿ ಆ ಕಂಪವು ಒಂದೇ ಅಲೆಯಾಗಿ ಬಾರದೆ, ಬೇರೆಬೇರೆ ವೇಗದ ಅಲೆಗಳಾಗಿ ಬಂದು ತಲುಪಿದುದನ್ನು ಅವರು ಗಮನಿಸಿದರು. ಮೊದಲು ಬರುವ ಪ್ರಾಥಮಿಕ ಅಲೆ, ಅನಂತರ ಬರುವ ದ್ವಿತೀಯಕ ಅಲೆ, ಕೊನೆಗೆ ಮೇಲ್ಮೈ ಅಲೆ ಎಂಬ ವಿಂಗಡಣೆಗೆ ಈ ಕಾರ್ಯವೇ ತಳಹದಿಯಾಯಿತು. ಇದೇ ಮಾರ್ಗದಲ್ಲಿ ಮುಂದುವರಿದು ಅವರು 1906ರಲ್ಲಿ ಭೂಮಿಗೆ ಪ್ರತ್ಯೇಕವಾದ ಕೇಂದ್ರಗೋಳವಿದೆ ಎಂದು ತೋರಿಸಿದರು. ಕಡತಕ್ಕೆ ಸೇರಿ ಧೂಳು ಹಿಡಿಯಬಹುದಾಗಿದ್ದ ವರದಿಯೊಂದು ಭೂಮಿಯ ನಡುಭಾಗದ ಶೋಧಕ್ಕೆ ದಾರಿಯಾಯಿತೆಂಬುದು ಉಲ್ಲೇಖನೀಯ.

ಪ್ರಾಥಮಿಕ ಅಲೆಯು ವಸ್ತುವನ್ನು ಒತ್ತುತ್ತಾ ಸಡಿಲಿಸುತ್ತಾ ಸಾಗುತ್ತದೆ; ಘನ, ದ್ರವ ಎರಡರಲ್ಲೂ ಚಲಿಸುತ್ತದೆ. ದ್ವಿತೀಯಕ ಅಲೆಯು ಅಡ್ಡಡ್ಡಲಾಗಿ ಅಲುಗಿಸುತ್ತಾ ಸಾಗುವುದರಿಂದ ದ್ರವದಲ್ಲಿ ಚಲಿಸಲಾರದು. ಬಿಸಿಯಾದ ಶಿಲೆಯಲ್ಲಿ ಎರಡೂ ನಿಧಾನವಾಗುತ್ತವೆ, ತಂಪಾದ ಗಡುಸು ಶಿಲೆಯಲ್ಲಿ ಬೇಗ ಸಾಗುತ್ತವೆ. ಒಂದು ಲೆಕ್ಕವನ್ನು ಇಲ್ಲಿ ಗಮನಿಸಬಹುದು. ಮ್ಯಾಂಟಲ್‌ನ ತಳಭಾಗದಲ್ಲಿ ದ್ವಿತೀಯಕ ಅಲೆಯ ವೇಗ ಸೆಕೆಂಡಿಗೆ ಸುಮಾರು 7.2 ಕಿಲೋಮೀಟರ್. ಸಾವಿರ ಕಿಲೋಮೀಟರ್ ದೂರವನ್ನು ಅದು ಸುಮಾರು 139 ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಆ ಹಾದಿಯಲ್ಲಿನ ಶಿಲೆಯು ಅಲೆಯನ್ನು ಶೇ. 2ರಷ್ಟು ನಿಧಾನಗೊಳಿಸುವಂತಿದ್ದರೆ ಅಲೆಯು ಮೂರು ಸೆಕೆಂಡುಗಳಿಗೆ ತುಸು ಕಡಿಮೆ ಅವಧಿಯಷ್ಟು ತಡವಾಗಿ ಬರುತ್ತದೆ. ಇಂತಹ ಅಲ್ಪ ವಿಳಂಬಗಳೇ ಇಡೀ ಶಾಸ್ತ್ರದ ಮೂಲ ಬಂಡವಾಳ. ಒಂದು ವಿಳಂಬದಿಂದ ಏನೂ ತಿಳಿಯದು, ಏಕೆಂದರೆ ಹಾದಿಯ ಯಾವ ಭಾಗದಲ್ಲಿ ತಡವಾಯಿತೆಂದು ಅದು ಹೇಳುವುದಿಲ್ಲ. ಆದರೆ ಬೇರೆಬೇರೆ ಭೂಕಂಪಗಳಿಂದ ಬೇರೆಬೇರೆ ಕೇಂದ್ರಗಳಿಗೆ ಬಂದ ಲಕ್ಷಾಂತರ ಅಲೆಗಳ ಹಾದಿಗಳು ಪರಸ್ಪರ ದಾಟಿಹೋದಾಗ, ವಿಳಂಬಕ್ಕೆ ಕಾರಣವಾದ ಸ್ಥಳವನ್ನು ಗಣಕಯಂತ್ರದಿಂದ ಹುಡುಕಬಹುದು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ನಡೆಯುವುದೂ ಇದೇ. 1970 ಮತ್ತು 1980ರ ದಶಕಗಳಲ್ಲಿ ಅಮೆರಿಕದ ಆಡಮ್ ಜೆವೊನ್ಸ್ಕಿ ಮೊದಲಾದವರು ಈ ವಿಧಾನವನ್ನು ಇಡೀ ಭೂಗೋಳಕ್ಕೆ ಅನ್ವಯಿಸಿದರು.

ಸಿ.ಟಿ. ಸ್ಕ್ಯಾನ್‌ಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಆಸ್ಪತ್ರೆಯಲ್ಲಿ ಕಿರಣವನ್ನು ಯಾವ ಕಡೆಯಿಂದ ಹಾಯಿಸಬೇಕೆಂಬುದು ತಂತ್ರಜ್ಞರ ಕೈಯಲ್ಲಿರುತ್ತದೆ. ಭೂಕಂಪಗಳು ಮಾತ್ರ ತಮಗೆ ಬೇಕಾದಲ್ಲಿಯೇ ಸಂಭವಿಸುತ್ತವೆ. ಕೇಂದ್ರಗಳಾದರೋ ಬಹುತೇಕ ನೆಲದ ಮೇಲಿವೆ. ಸಾಗರಗಳ ಕೆಳಗಿನ, ಅದರಲ್ಲೂ ಹಿಂದೂ ಮಹಾಸಾಗರದ ಕೆಳಗಿನ ಚಿತ್ರವು ಮಸುಕಾಗಿರುವುದಕ್ಕೆ ಇದೇ ಕಾರಣ.

ಗೌರಿಬಿದನೂರಿನ ಜಾಲ

ಈ ಕಾರ್ಯದಲ್ಲಿ ಕರ್ನಾಟಕದ ಪಾತ್ರ ಅನೇಕರಿಗೆ ತಿಳಿದಿರಲಾರದು. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ 1965ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಯೋಗದಲ್ಲಿ ಭೂಕಂಪಮಾಪಕಗಳ ಜಾಲವೊಂದನ್ನು ಸ್ಥಾಪಿಸಿತು. (ಅದೇ ಸೀಮೆಯಲ್ಲಿರುವ ರೇಡಿಯೊ ದೂರದರ್ಶಕ ಕೇಂದ್ರವು ಬೇರೆ ಸಂಸ್ಥೆಗೆ ಸೇರಿದ ಬೇರೆ ಸೌಲಭ್ಯ.) ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾಗಳಲ್ಲಿಯೂ ಇದೇ ಮಾದರಿಯ ಜಾಲಗಳಿವೆ. ಭೂಗರ್ಭ ಅಣ್ವಸ್ತ್ರ ಪರೀಕ್ಷೆಗಳನ್ನು ದೂರದಿಂದಲೇ ಪತ್ತೆ ಹಚ್ಚುವುದು ಇವುಗಳ ಮೂಲ ಉದ್ದೇಶವಾಗಿತ್ತು.

ಒಂದೇ ಮಾಪಕದ ಬದಲು ಎರಡು ಸಾಲುಗಳಲ್ಲಿ ಹಲವು ಮಾಪಕಗಳನ್ನು ಅಳವಡಿಸಿದಾಗ, ಅಲೆಯು ಒಂದರ ನಂತರ ಒಂದನ್ನು ತಲುಪುವ ಕ್ರಮದಿಂದ ಅದು ಬಂದ ದಿಕ್ಕನ್ನೂ ಕೆಳಗಿನಿಂದ ಎದ್ದುಬಂದ ಕೋನವನ್ನೂ ಅಳೆಯಬಹುದು. ಎಲ್ಲ ದಾಖಲೆಗಳನ್ನೂ ಸರಿಹೊಂದಿಸಿ ಕೂಡಿದಾಗ ಸ್ಥಳೀಯ ಗದ್ದಲವು ಅಡಗಿ, ಕ್ಷೀಣವಾದ ಅಲೆಯೂ ಎದ್ದು ಕಾಣುತ್ತದೆ. ಪರೀಕ್ಷೆಗಳ ಮೇಲೆ ಕಣ್ಣಿಡಲು ರೂಪಿಸಿದ ಇಂತಹ ಜಾಲಗಳು ಆಳದ ಮ್ಯಾಂಟಲ್‌ನ ಅಧ್ಯಯನಕ್ಕೂ ಅತ್ಯುಪಯುಕ್ತವಾದವು. ಕೇಂದ್ರಗೋಳವನ್ನು ಹಾದು ಬರುವ ಮುಖ್ಯ ಅಲೆಗಿಂತ ಕೆಲವು ಸೆಕೆಂಡು ಮುಂಚಿತವಾಗಿ ಬರುವ ಕಿರು ಅಲೆಗಳ ಒಗಟನ್ನು 1970ರ ದಶಕದ ಆರಂಭದಲ್ಲಿ ಕ್ಲಿಯರಿ ಮತ್ತು ಹ್ಯಾಡನ್ ಬಿಡಿಸಿದರು. ಮ್ಯಾಂಟಲ್‌ನ ತಳದಲ್ಲಿ ಶಿಲೆಯು ಏಕರೂಪವಾಗಿರದೆ ಉಂಡೆಉಂಡೆಯಾಗಿ ವ್ಯತ್ಯಾಸ ಹೊಂದಿರುವುದರಿಂದ ಅಲೆಗಳು ಅಲ್ಲಿ ಚದರುತ್ತವೆ ಎಂಬುದೇ ಅವರು ನೀಡಿದ ವಿವರಣೆ.

ಮಾಪಕಗಳು ನಮ್ಮ ದೈನಂದಿನ ಗದ್ದಲವನ್ನೂ ಕೇಳುತ್ತವೆ. 2020ರ ಲಾಕ್‌ಡೌನ್ ಅವಧಿಯಲ್ಲಿ ಜಗತ್ತಿನ ಭೂಕಂಪ ಕೇಂದ್ರಗಳಲ್ಲಿ ಮಾನವ ಚಟುವಟಿಕೆಯ ಕಂಪನವು ಶೇ. 50ರವರೆಗೆ ಇಳಿಯಿತೆಂದು ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಗಿದೆ. ಕಲ್ಲುಗಣಿ, ಭಾರಿ ವಾಹನ ಸಂಚಾರ ಮುಂತಾದವು ಕೇಂದ್ರವೊಂದರ ಸಮೀಪಕ್ಕೆ ಬಂದಂತೆ ದೂರದ ಕ್ಷೀಣ ಅಲೆಗಳು ಕೈತಪ್ಪುತ್ತವೆ. ಭೂಕಂಪ ಕೇಂದ್ರಗಳ ಸುತ್ತ ನಿಶ್ಶಬ್ದ ಪ್ರದೇಶವನ್ನು ಉಳಿಸಿಕೊಳ್ಳಬೇಕೆಂಬ ಕೋರಿಕೆಯನ್ನು ಈ ದೃಷ್ಟಿಯಿಂದ ನೋಡತಕ್ಕದ್ದು.

ಆಫ್ರಿಕಾದ ಕೆಳಗಿನ ರಾಶಿ ಮತ್ತು ಟೆಥಿಸ್ ಸಾಗರದ ಅವಶೇಷ

ಅಲೆಗಳ ಚಿತ್ರಗಳಲ್ಲಿ ಎಲ್ಲ ಸಂಶೋಧಕರೂ ಒಪ್ಪುವ ಎರಡು ಬೃಹತ್ ರಚನೆಗಳಿವೆ. ಒಂದು ಆಫ್ರಿಕಾದ ಕೆಳಗೆ, ಇನ್ನೊಂದು ಪೆಸಿಫಿಕ್ ಸಾಗರದ ಕೆಳಗೆ. ಕೇಂದ್ರಗೋಳದ ಮೇಲೆ ಕುಳಿತಿರುವ ಈ ರಾಶಿಗಳು ಸಾವಿರಾರು ಕಿಲೋಮೀಟರ್ ಅಗಲವಾಗಿದ್ದು, ಕೆಲವೆಡೆ ಸುಮಾರು ಸಾವಿರ ಕಿಲೋಮೀಟರ್ ಎತ್ತರಕ್ಕೆ ಏರಿವೆ. ಇವುಗಳಲ್ಲಿ ದ್ವಿತೀಯಕ ಅಲೆಗಳು ಶೇಕಡಾ ಕೆಲವು ಪಾಲಿನಷ್ಟು ನಿಧಾನವಾಗುತ್ತವೆ. ಇದಕ್ಕೆ ವಿರುದ್ಧವಾಗಿ, ಅಲೆಗಳು ಬೇಗ ಸಾಗುವ ತಂಪಾದ ಪಟ್ಟಿಗಳೂ ಕಂಡುಬಂದಿವೆ. ಇವು ಭೂಫಲಕಗಳು ಒಂದರ ಕೆಳಗೊಂದು ಜಾರಿ ಮುಳುಗಿದಾಗ ಉಳಿದ ಹಳೆಯ ಸಾಗರತಳಗಳು. ಭಾರತವು ಏಷ್ಯಾದ ಕಡೆಗೆ ಸರಿಯುತ್ತಿದ್ದಾಗ ನಡುವೆ ಇದ್ದ ಟೆಥಿಸ್ ಸಾಗರದ ತಳವು ಹೀಗೆ ಮುಳುಗಿ, ಇಂದು ಭಾರತ ಮತ್ತು ಸಾಗರದ ಕೆಳಗೆ ಆಳದ ಮ್ಯಾಂಟಲ್‌ನಲ್ಲಿ ಇರುವುದನ್ನು 1997ರಲ್ಲಿ ಪ್ರಕಟವಾದ ಚಿತ್ರಗಳು ತೋರಿಸಿದವು. ಹಿಮಾಲಯವು ಎದ್ದ ಕಥೆಯ ಕಣ್ಮರೆಯಾದ ಅರ್ಧಭಾಗ ಅಲ್ಲಿದೆ ಎನ್ನಬಹುದು.

ನಿಧಾನ ಎಂದರೆ ಬಿಸಿ ಎಂದಷ್ಟೇ ಭಾವಿಸಿದರೆ ಸಾಲದು. ಶಿಲೆಯ ರಾಸಾಯನಿಕ ಸಂಯೋಜನೆ ಬೇರೆಯಾಗಿದ್ದರೂ ಅಲೆ ನಿಧಾನವಾಗಬಹುದು. ದಕ್ಷಿಣ ಆಫ್ರಿಕಾದಲ್ಲಿ ತಾತ್ಕಾಲಿಕವಾಗಿ ಅಳವಡಿಸಿದ್ದ ಮಾಪಕಗಳ ದಾಖಲೆಗಳಿಂದ, ಆಫ್ರಿಕಾದ ರಾಶಿಯ ಅಂಚು ಅತ್ಯಂತ ಕಡಿದಾಗಿದೆಯೆಂದು 2002ರಲ್ಲಿ ತಿಳಿದುಬಂತು. ಕೇವಲ ಶಾಖದ ವ್ಯತ್ಯಾಸವಿದ್ದಲ್ಲಿ ಅಂಚು ಕ್ರಮೇಣ ಮಾಸಬೇಕಿತ್ತು. 2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸುಜಾನಿಯಾ ತಲವೆರಾ-ಸೋಜಾ ಮತ್ತು ಆರ್ವೆನ್ ಡಾಯ್ಸ್ ಅವರ ತಂಡವು ಇನ್ನೊಂದು ದಿಕ್ಕಿನಿಂದ ಪರಿಶೀಲನೆ ನಡೆಸಿ ವರದಿ ನೀಡಿತು. ಮಹಾ ಭೂಕಂಪವಾದಾಗ ಇಡೀ ಭೂಮಿಯು ಬಾರಿಸಿದ ಗಂಟೆಯಂತೆ ಕಂಪಿಸುತ್ತದೆ. ಅದರ ಅತ್ಯಂತ ನಿಧಾನದ ಕಂಪನಕ್ಕೆ ಒಂದು ಸುತ್ತಿಗೆ ಸುಮಾರು 54 ನಿಮಿಷ ಬೇಕು. ಈ ನಾದವು ಎಲ್ಲಿ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು ತಂಡವು ಅಳೆಯಿತು. ಬಿಸಿಯಾದ ರಾಶಿಗಳಲ್ಲಿ ನಾದವು ಬೇಗ ಅಡಗಬೇಕೆಂಬುದು ನಿರೀಕ್ಷೆ. ಆದರೆ ರಾಶಿಗಳಲ್ಲಿ ಅದು ಹೆಚ್ಚು ಅಡಗಲಿಲ್ಲ. ಸುತ್ತಲಿನ ಮುಳುಗಿದ ಫಲಕಗಳ ಪ್ರದೇಶದಲ್ಲಿಯೇ ಹೆಚ್ಚಾಗಿ ಅಡಗಿತು. ರಾಶಿಗಳ ಖನಿಜ ಕಣಗಳು ದೊಡ್ಡದಾಗಿವೆ, ಆದುದರಿಂದ ರಾಶಿಗಳು ಕನಿಷ್ಠ ಐವತ್ತು ಕೋಟಿ ವರ್ಷಗಳಷ್ಟು ಹಳೆಯವು ಹಾಗೂ ಬಿಗಿಯಾಗಿ ನೆಲೆಸಿರುವಂಥವು ಎಂಬುದು ಅವರ ನಿರ್ಣಯ.

2023ರ ಪ್ರಬಂಧ: ಒಪ್ಪುವ ಅಂಶ, ಉಳಿದ ಪ್ರಶ್ನೆ

ಗುರುತ್ವ ತಗ್ಗಿಗೆ ಕಾರಣ ಹುಡುಕುವವರು ಬಹುಕಾಲ ಸಾಗರದ ಅಡಿಯ ಈಗಿನ ಸ್ಥಿತಿಯನ್ನಷ್ಟೇ ಪರಿಶೀಲಿಸುತ್ತಿದ್ದರು. ಮುಳುಗಿದ ಫಲಕಗಳೇ ಕಾರಣವೆಂದು ಕೆಲವರೂ, ಆ ಫಲಕಗಳ ಮೇಲ್ಭಾಗದಲ್ಲಿ ಏರಿ ಬರುವ ಹಗುರ ದ್ರವ್ಯವು ಕಾರಣವೆಂದು 2010ರಲ್ಲಿ ಇನ್ನು ಕೆಲವರೂ ಅಭಿಪ್ರಾಯಪಟ್ಟರು. 2017ರಲ್ಲಿ ಅತ್ರೇಯಿ ಘೋಷ್ ಮತ್ತು ಸಹಲೇಖಕರು ಸುಮಾರು 300ರಿಂದ 900 ಕಿಲೋಮೀಟರ್ ಆಳದಲ್ಲಿರುವ ಬಿಸಿ ಹಗುರ ದ್ರವ್ಯವನ್ನು ಸೇರಿಸಿದಾಗ ಮಾತ್ರ ತಗ್ಗಿನ ಆಕಾರ ಹೊಂದಿಬರುತ್ತದೆ ಎಂದು ತೋರಿಸಿದರು. ಆದರೆ ಆ ದ್ರವ್ಯ ಅಲ್ಲಿಗೆ ಬಂದುದು ಎಲ್ಲಿಂದ? ಮೇಲೆ ಜ್ವಾಲಾಮುಖಿ ಕೇಂದ್ರವೊಂದೂ ಇಲ್ಲ.

2023ರ ಪ್ರಬಂಧದಲ್ಲಿ 14 ಕೋಟಿ ವರ್ಷಗಳಷ್ಟು ಹಿಂದಿನಿಂದ ಫಲಕಗಳ ಚಲನೆಯನ್ನು ಗಣಕದಲ್ಲಿ ನಡೆಸಿ ನೋಡಲಾಗಿದೆ. ಟೆಥಿಸ್‌ನ ತಳವು ಮ್ಯಾಂಟಲ್‌ನ ಬುಡಕ್ಕೆ ಇಳಿದು ಆಫ್ರಿಕಾದ ರಾಶಿಯ ಅಂಚನ್ನು ಕದಡಿತು. ಅಲ್ಲಿಂದ ಬಿಸಿ ದ್ರವ್ಯವು ಸ್ತಂಭಗಳಾಗಿ ಎದ್ದು ಸಾಗರದ ಕೆಳಗೆ ಹರಡಿತು. ಸುಮಾರು 2 ಕೋಟಿ ವರ್ಷಗಳ ಹಿಂದೆ ತಗ್ಗು ಇಂದಿನ ರೂಪ ತಾಳಿತು ಎಂಬುದು ಅದರ ಸಾರಾಂಶ. ನಡೆಸಿದ ಎಲ್ಲ ಪ್ರಯೋಗಗಳೂ ತಗ್ಗನ್ನು ಮರುಸೃಷ್ಟಿಸಲಿಲ್ಲ, ಕೆಲವು ಮಾತ್ರ ಸೃಷ್ಟಿಸಿದವು ಎಂಬುದನ್ನು ಲೇಖಕರೇ ದಾಖಲಿಸಿದ್ದಾರೆ.

ಇದಕ್ಕೆ ಆಕ್ಷೇಪಗಳೂ ಬಂದಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಲಾವಾವನ್ನು ಹೊರಸೂಸಿದ, ಇಂದು ರಿಯೂನಿಯನ್ ದ್ವೀಪದ ಕೆಳಗಿರುವ ಪ್ರಬಲ ಬಿಸಿ ಸ್ತಂಭವು ಈ ಗಣಕ ಮಾದರಿಯಲ್ಲಿ ಸರಿಯಾಗಿ ಮೂಡಿಬಂದಿಲ್ಲ ಎಂಬುದು ಮುಖ್ಯ ಆಕ್ಷೇಪ. ಬೆಳಗಾವಿ, ವಿಜಯಪುರ, ಕಲಬುರಗಿ ಸೀಮೆಯ ಎರೆಭೂಮಿಯ ಮೂಲವೇ ಆ ಲಾವಾಶಿಲೆ ಆಗಿರುವುದರಿಂದ ಈ ಆಕ್ಷೇಪವು ನಮಗೆ ದೂರದ ಸಂಗತಿಯಲ್ಲ. 2025ರ ವರದಿಯು ಹೇಳುವಂತೆ ರಾಶಿಗಳು ಅಷ್ಟು ಬಿಗಿಯಾಗಿದ್ದಲ್ಲಿ, ಮುಳುಗಿಬಂದ ಫಲಕವು ಅವುಗಳನ್ನು ಎಷ್ಟರಮಟ್ಟಿಗೆ ಕದಡಬಲ್ಲದು ಎಂಬ ಪ್ರಶ್ನೆಯೂ ಏಳುತ್ತದೆ. ನಮ್ಮ ಅಭಿಪ್ರಾಯದಲ್ಲಿ 2023ರ ವಿವರಣೆಯು ಈವರೆಗಿನವುಗಳಲ್ಲಿ ಹೆಚ್ಚು ಸಮಗ್ರವಾದುದು. ಆದರೆ ಅದನ್ನು ಇತ್ಯರ್ಥವಾದ ಪ್ರಕರಣವೆಂದು ಪರಿಗಣಿಸಲಾಗದು.

ಇತ್ಯರ್ಥಕ್ಕೆ ಬೇಕಾಗಿರುವುದು ಸಾಗರತಳದ ದಾಖಲೆ. ಫ್ರಾನ್ಸ್ ಮತ್ತು ಜರ್ಮನಿಯ ತಂಡವು 2012–13ರಲ್ಲಿ ರಿಯೂನಿಯನ್ ಸುತ್ತಲಿನ ಸಾಗರತಳದಲ್ಲಿ 57 ಮಾಪಕಗಳನ್ನು ಇಳಿಸಿ ಸಂಗ್ರಹಿಸಿದ ದಾಖಲೆಗಳಿಂದ, ಆಳದಿಂದ ಏಳುವ ಬಿಸಿ ದ್ರವ್ಯವು ನೇರ ಕಂಬದಂತಿರದೆ ಕವಲೊಡೆದ ಮರದಂತಿದೆ ಎಂಬ ಚಿತ್ರವು 2021ರಲ್ಲಿ ದೊರೆಯಿತು. ಗುರುತ್ವ ತಗ್ಗಿನ ಪ್ರದೇಶದಲ್ಲಿಯೂ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು 2018ರಲ್ಲಿ ಸಾಗರತಳ ಮಾಪಕಗಳನ್ನು ಅಳವಡಿಸಿತ್ತು. ಇಂತಹ ಮಾಪಕಗಳು ತಂತಿಯ ಸಂಪರ್ಕವಿಲ್ಲದೆ ಕೆಲಸ ಮಾಡುತ್ತವೆ. ಅವಧಿ ಮುಗಿದ ಮೇಲೆ ಹಡಗಿನಲ್ಲಿ ಹೋಗಿ ಒಂದೊಂದನ್ನೂ ಮೇಲೆತ್ತಿ ತರಬೇಕಾಗುತ್ತದೆ. ಮೇಲೆ ಬಾರದಿದ್ದರೆ ಅದರ ದಾಖಲೆಯೂ ಬಾರದು.

ಅರ್ಜಿದಾರರು ಹಾಗೂ ಸಾರ್ವಜನಿಕರು ಗಮನಿಸಬೇಕಾದುದು

ಗುರುತ್ವ ತಗ್ಗು ಕೋಟ್ಯಂತರ ವರ್ಷಗಳಿಂದ ರೂಪುಗೊಂಡ ಸ್ಥಿತಿ. ಅದರಿಂದ ಸುನಾಮಿ, ಭೂಕಂಪ ಅಥವಾ ಕರಾವಳಿ ಮುಳುಗಡೆ ಉಂಟಾಗುವುದಿಲ್ಲ. ಆಳದ ಮ್ಯಾಂಟಲ್‌ನ ಚಿತ್ರಗಳಿಂದ ಮುಂದಿನ ಭೂಕಂಪದ ದಿನಾಂಕವನ್ನಾಗಲೀ ಸ್ಥಳವನ್ನಾಗಲೀ ಹೇಳಲು ಸಾಧ್ಯವಿಲ್ಲ. ಹಾಗೆ ಹೇಳುವುದಾಗಿ ಶುಲ್ಕ ಕೇಳುವವರನ್ನಾಗಲೀ, ನಿವೇಶನಕ್ಕೆ ಈ ಬಗೆಯ ‘ಸುರಕ್ಷತಾ ಪ್ರಮಾಣಪತ್ರ’ ನೀಡುವುದಾಗಿ ತಿಳಿಸುವವರನ್ನಾಗಲೀ ನಂಬಬಾರದಾಗಿ ಕೋರಿದೆ.

ನಮ್ಮ ಮನೆಗಳಿಗೆ ಅಪಾಯ ತರಬಲ್ಲ ಭೂಕಂಪಗಳು ಭೂಕವಚದ ಮೇಲ್ಪದರದಲ್ಲಿ ಸಂಭವಿಸುತ್ತವೆ. 1993ರ ಸೆಪ್ಟೆಂಬರ್ 30ರಂದು ನೆರೆಯ ಮಹಾರಾಷ್ಟ್ರದ ಲಾತೂರ್ ಸೀಮೆಯಲ್ಲಿ ಸುಮಾರು 10,000 ಜನರ ಪ್ರಾಣಹಾನಿಗೆ ಕಾರಣವಾದ ಕಂಪದ ತೀವ್ರತೆ 6.2 ಮಾತ್ರ. ನಾಭಿಯು ಕಡಿಮೆ ಆಳದಲ್ಲಿತ್ತು, ಮನೆಗಳ ಗೋಡೆಗಳು ಮಣ್ಣು ಕಲ್ಲಿನವಾಗಿದ್ದವು. 1994ರಲ್ಲಿ ಬೊಲಿವಿಯಾದಲ್ಲಿ 600 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಸಂಭವಿಸಿದ 8.2 ತೀವ್ರತೆಯ ಭೂಕಂಪವು ಇದಕ್ಕಿಂತ ಎಷ್ಟೋ ಪಟ್ಟು ಪ್ರಬಲವಾಗಿದ್ದರೂ ಅದರ ಹಾನಿ ಅತ್ಯಲ್ಪ. ವಿಜ್ಞಾನಿಗಳಿಗೆ ಅದು ಮ್ಯಾಂಟಲ್ ಅಧ್ಯಯನದ ಅಮೂಲ್ಯ ದಾಖಲೆಯಾಯಿತು. 2021ರಲ್ಲಿ ಕಲಬುರಗಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ, 2022ರಲ್ಲಿ ಕೊಡಗಿನಲ್ಲಿ ಅನುಭವಕ್ಕೆ ಬಂದ ಕಂಪನಗಳೂ ಕಡಿಮೆ ಆಳದ ಸ್ಥಳೀಯ ಕಂಪನಗಳೇ ಆಗಿದ್ದು, ಅವುಗಳಿಗೂ ಸಾಗರದ ತಗ್ಗಿಗೂ ಸಂಬಂಧವಿರುವುದಿಲ್ಲ.

ಕಟ್ಟಡ ನಿರ್ಮಿಸುವವರಿಗೆ ಅನ್ವಯವಾಗುವುದು ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ಐ.ಎಸ್. 1893 ಸಂಹಿತೆ. ಅದರ 2002ರ ಆವೃತ್ತಿಯಲ್ಲಿ ರಾಜ್ಯದ ಬಹುಭಾಗವು ಎರಡನೇ ವಲಯದಲ್ಲಿಯೂ, ಕರಾವಳಿ ಹಾಗೂ ಉತ್ತರದ ಕೆಲವು ಭಾಗಗಳು ಮೂರನೇ ವಲಯದಲ್ಲಿಯೂ ಇದ್ದವು. ಸಂಹಿತೆಯು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ಆವೃತ್ತಿಯನ್ನೇ ವಿನ್ಯಾಸಕಾರರು ಅನುಸರಿಸತಕ್ಕದ್ದು.

ಜಿಯಾಯ್ಡ್ ತಗ್ಗು ಅರ್ಜಿದಾರರಿಗೆ ನಿಜವಾಗಿ ತಾಗುವ ವಿಷಯವೊಂದಿದೆ, ಆದರೆ ಅದು ಭೂಕಂಪಕ್ಕೆ ಸೇರಿದುದಲ್ಲ. ತಗ್ಗಿನ ಪ್ರಭಾವವು ದಕ್ಷಿಣ ಭಾರತದ ನೆಲದ ಮೇಲೂ ಹರಡಿದೆ. ಜಿ.ಪಿ.ಎಸ್. ಉಪಕರಣವು ಮೂಲತಃ ಅಳೆಯುವುದು ದೀರ್ಘವೃತ್ತಗೋಳದಿಂದ ಇರುವ ಎತ್ತರವನ್ನು. ಬೆಂಗಳೂರಿನಲ್ಲಿ ಆ ಅಂಕಿಯು ಸರಾಸರಿ ಸಮುದ್ರ ಮಟ್ಟದಿಂದ ಅಳೆದ ಎತ್ತರಕ್ಕಿಂತ 80 ಮೀಟರಿಗೂ ಹೆಚ್ಚು ಕಡಿಮೆ ಇರುತ್ತದೆ. ಬಡಾವಣೆ, ಚರಂಡಿ, ಕೆರೆಯ ಪೂರ್ಣ ಮಟ್ಟ ಮುಂತಾದವುಗಳಿಗೆ ಸಂಬಂಧಿಸಿದ ನಕ್ಷೆಗಳಲ್ಲಿ ಒಂದು ಹಾಳೆಯ ಎತ್ತರವು ಒಂದು ಬಗೆಯದೂ ಇನ್ನೊಂದು ಹಾಳೆಯದು ಮತ್ತೊಂದು ಬಗೆಯದೂ ಆದಲ್ಲಿ, ನೀರು ಏರುದಿಕ್ಕಿಗೆ ಹರಿಯುವಂತೆ ಕಾಗದದಲ್ಲಿ ತೋರಬಹುದು. ಆದುದರಿಂದ ಸರ್ವೆ ನಕ್ಷೆಯ ಪ್ರತಿ ಹಾಳೆಯಲ್ಲಿ ಎತ್ತರವನ್ನು ಯಾವ ಆಧಾರದಿಂದ ನೀಡಲಾಗಿದೆ ಎಂಬುದನ್ನು ಹಾಗೂ ಜಿಯಾಯ್ಡ್ ತಿದ್ದುಪಡಿ ಮಾಡಿದ್ದಲ್ಲಿ ಬಳಸಿದ ಮಾದರಿಯ ಹೆಸರನ್ನು ಸರ್ವೆ ಮಾಡಿದವರಿಂದ ಬರೆಸಿ ಪಡೆಯುವುದು ಸೂಕ್ತ.

ಕಂಪನದ ಅನುಭವವಾದಲ್ಲಿ ನವದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರವು ಪ್ರಕಟಿಸುವ ವಿವರಗಳನ್ನು ನೋಡಬಹುದಾಗಿದೆ. ರಾಜ್ಯದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಭೂಕಂಪ ಮಾಹಿತಿಯನ್ನು ದಾಖಲಿಸುತ್ತದೆ. ಕಂಪನವಾದ ವೇಳೆ, ಸ್ಥಳ, ಕಟ್ಟಡದ ಎಷ್ಟನೇ ಅಂತಸ್ತಿನಲ್ಲಿ ಇದ್ದಿರಿ, ಪಾತ್ರೆ ಅಥವಾ ಬಾಗಿಲು ಅಲುಗಿದವೇ, ಶಬ್ದ ಕೇಳಿತೇ ಎಂಬ ವಿವರಗಳನ್ನು ಕೂಡಲೇ ಬರೆದಿಟ್ಟುಕೊಂಡಲ್ಲಿ ಮಾಹಿತಿ ನೀಡುವಾಗ ಅನುಕೂಲವಾಗುತ್ತದೆ.